ಯಾವುದನ್ನು ತಡೆಯಬೇಕು? ಸಂಧಿವಾತಕ್ಕೆ ಪ್ರತಿಕಾಯ ಚಿಕಿತ್ಸೆ ಬಂದ ಬಗೆ

ರುಮಟಾಯ್ಡ್ ಸಂಧಿವಾತದಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಕೀಲುಗಳ ಒಳಪೊರೆಯ ಮೇಲೆ ಎರಗುತ್ತದೆ. ಈ ಕಾಯಿಲೆಯ ಪ್ರತಿಕಾಯ ಚಿಕಿತ್ಸೆಯ ಚರಿತ್ರೆಯನ್ನು 1975ರಿಂದ, ಅಂದರೆ ಜಾರ್ಜ್ ಕೋಹ್ಲರ್ ಮತ್ತು ಸೀಸರ್ ಮಿಲ್‌ಸ್ಟೈನ್ ಕೇಂಬ್ರಿಜ್‌ನಲ್ಲಿ ಒಂದೇ ಗುರಿಗೆ ಅಂಟುವ ಮಾನೋಕ್ಲೋನಲ್ ಪ್ರತಿಕಾಯ ತಯಾರಿಸಿದಲ್ಲಿಂದ ಹೇಳುವುದು ವಾಡಿಕೆ. ಆ ತಂತ್ರವಿಲ್ಲದೆ ಮುಂದಿನದು ಯಾವುದೂ ನಡೆಯುತ್ತಿರಲಿಲ್ಲ, ನಿಜ. ಆದರೆ ಪ್ರತಿಕಾಯ ಕೈಗೆ ಬಂದ ಮೇಲೂ ಅದರಿಂದ ಯಾವುದನ್ನು ತಡೆಯಬೇಕು ಎಂಬ ಪ್ರಶ್ನೆ ದಶಕಕ್ಕೂ ಹೆಚ್ಚು ಕಾಲ ಬಿಡಿಸದೆ ಉಳಿಯಿತು. ನನ್ನ ಮಟ್ಟಿಗೆ ಈ ಚರಿತ್ರೆಯ ತಿರುಳು ಆ ಪ್ರಶ್ನೆಯೇ.

ಊದಿಕೊಂಡ ಕೀಲಿನಲ್ಲಿ ಸೈಟೊಕೈನ್ ಎಂಬ ಸಂದೇಶವಾಹಕ ಪ್ರೋಟೀನುಗಳು ಹಲವಾರು. ಒಂದನ್ನು ತಡೆದರೆ ಅದರ ಕೆಲಸವನ್ನು ಮತ್ತೊಂದು ವಹಿಸಿಕೊಳ್ಳುತ್ತದೆ, ಹಾಗಾಗಿ ಒಂದನ್ನೇ ಹಿಡಿದು ಫಲವಿಲ್ಲ ಎಂದು ಅನೇಕರು ನಂಬಿದ್ದರು. ಲಂಡನ್ನಿನಲ್ಲಿ ಮಾರ್ಕ್ ಫೆಲ್ಡ್‌ಮನ್, ಫಿಯೋನುಲಾ ಬ್ರೆನ್ನನ್ ಹಾಗೂ ಲುಧಿಯಾನದಲ್ಲಿ ಹುಟ್ಟಿದ ರವೀಂದರ್ ಮೈನಿ ರೋಗಿಗಳ ಕೀಲುಪೊರೆಯ ಜೀವಕೋಶಗಳನ್ನೇ ಪ್ರಯೋಗಾಲಯದಲ್ಲಿಟ್ಟು ನೋಡಿದರು. ಹೊರಗಿನ ಪ್ರಚೋದನೆ ಇಲ್ಲದೆಯೂ ಅವು ಸೈಟೊಕೈನ್ ಸ್ರವಿಸುತ್ತಲೇ ಇದ್ದವು. ಟಿಎನ್‌ಎಫ್ ಎಂಬ ಒಂದನ್ನು ಪ್ರತಿಕಾಯದಿಂದ ತಡೆದಾಗ ಇಂಟರ್‌ಲ್ಯೂಕಿನ್-1 ಎಂಬ ಮತ್ತೊಂದು ಸೈಟೊಕೈನ್ ಕೂಡ ಇಳಿಯಿತು. 1989ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದ ಈ ಫಲಿತಾಂಶ ಸರಳವೆನಿಸಬಹುದು, ಆದರೆ ಚಾಲ್ತಿಯಲ್ಲಿದ್ದ ನಂಬಿಕೆಯನ್ನು ಬುಡಮೇಲು ಮಾಡಿದ್ದು ಅದೇ.

ಬೇಕಾದ ಪ್ರತಿಕಾಯ ಅಮೆರಿಕದಲ್ಲಿ ಸಿದ್ಧವಿತ್ತು, ಆದರೆ ಬೇರೆ ಕಾಯಿಲೆಗಾಗಿ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಯಾನ್ ವಿಲ್‌ಚೆಕ್ ಮತ್ತು ಜುನ್‌ಮಿಂಗ್ ಲೆ ರೂಪಿಸಿದ ಇಲಿಯ ಪ್ರತಿಕಾಯಕ್ಕೆ ಮಾನವ ಪ್ರತಿಕಾಯದ ಭಾಗ ಜೋಡಿಸಿ, ಸೆಂಟೊಕಾರ್ ಕಂಪನಿ ಅದನ್ನು ರಕ್ತದ ನಂಜಿಗೆ ಪರೀಕ್ಷಿಸುತ್ತಿತ್ತು. 1992ರಲ್ಲಿ ಚೇರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ 20 ಸಂಧಿವಾತ ರೋಗಿಗಳಿಗೆ ಅದನ್ನು ಕೊಡಲಾಯಿತು. ಮುಂದೆ 73 ರೋಗಿಗಳ ಹೋಲಿಕೆ ಪರೀಕ್ಷೆಯಲ್ಲಿ ಹೆಚ್ಚಿನ ಪ್ರಮಾಣ ಪಡೆದವರಲ್ಲಿ ಶೇ. 79, ಕಡಿಮೆ ಪಡೆದವರಲ್ಲಿ ಶೇ. 44, ಹುಸಿಮದ್ದು ಪಡೆದವರಲ್ಲಿ ಶೇ. 8 ಮಂದಿ ಚೇತರಿಕೆ ಕಂಡರು. ಇನ್‌ಫ್ಲಿಕ್ಸಿಮ್ಯಾಬ್ ಎಂಬ ಹೆಸರಿನ ಈ ಮದ್ದಿಗೆ ಅಮೆರಿಕದಲ್ಲಿ 1998ರಲ್ಲಿ ಕರುಳಿನ ಕ್ರೋನ್ಸ್ ಕಾಯಿಲೆಗೆ, 1999ರಲ್ಲಿ ಮೆಥೊಟ್ರೆಕ್ಸೇಟ್ ಎಂಬ ಮದ್ದಿನ ಜೊತೆ ಸಂಧಿವಾತಕ್ಕೆ ಅನುಮತಿ ದೊರೆಯಿತು.

ಇದು ಕಾಯಿಲೆಯನ್ನು ಬುಡಸಹಿತ ಕೀಳುವ ಮದ್ದಲ್ಲ. ನಿಲ್ಲಿಸಿದರೆ ಬಹಳ ಜನರಲ್ಲಿ ನೋವು ಮರಳುತ್ತದೆ. ಟಿಎನ್‌ಎಫ್ ಕ್ಷಯದ ರೋಗಾಣುಗಳನ್ನು ಕಟ್ಟಿಹಾಕುವ ಕೆಲಸವನ್ನೂ ಮಾಡುತ್ತದೆ. ಇನ್‌ಫ್ಲಿಕ್ಸಿಮ್ಯಾಬ್ ಪಡೆದ 70 ಮಂದಿಯಲ್ಲಿ ಕ್ಷಯ ಕಾಣಿಸಿಕೊಂಡ ವರದಿ 2001ರಲ್ಲಿ ಬಂತು. ಅಡಗಿರುವ ಕ್ಷಯ ವ್ಯಾಪಕವಾಗಿರುವ ಭಾರತದಲ್ಲಿ ಈ ಚಿಕಿತ್ಸೆಗೆ ಮೊದಲು ಆ ತಪಾಸಣೆ ಕಡ್ಡಾಯವೆಂದೇ ಭಾವಿಸಬೇಕು. ನರಗಳ ಕಾಯಿಲೆಯಾದ ಮಲ್ಟಿಪಲ್ ಸ್ಕ್ಲೆರೋಸಿಸ್‌ನಲ್ಲಂತೂ ಟಿಎನ್‌ಎಫ್ ತಡೆಯುವ ಇನ್ನೊಂದು ಮದ್ದು ಕಾಯಿಲೆಯನ್ನು ಉಲ್ಬಣಿಸಿತು. ಕೀಲಿನಲ್ಲಿ ಸಿಕ್ಕ ಉತ್ತರ ನರಗಳಿಗೆ ಹೊಂದಲಿಲ್ಲ.

ಯಾವುದನ್ನು ತಡೆಯಬೇಕು ಎಂಬ ಪ್ರಶ್ನೆಗೆ ಬೇರೆ ಕಾಯಿಲೆಯಲ್ಲಿ ಬೇರೆ ಉತ್ತರವೂ ಸಿಕ್ಕಿದೆ. ಬೆಂಗಳೂರಿನ ಬಯೋಕಾನ್ ಕಂಪನಿ 2013ರಲ್ಲಿ ಚರ್ಮದ ಸೋರಿಯಾಸಿಸ್ ಕಾಯಿಲೆಗೆಂದು ಹೊರತಂದ ಇಟೊಲಿಝುಮ್ಯಾಬ್ ಎಂಬ ಪ್ರತಿಕಾಯದ ಮೂಲ ಕ್ಯೂಬಾದ ಹವಾನಾದಲ್ಲಿದೆ. ಅದು ಸೈಟೊಕೈನನ್ನು ನೇರವಾಗಿ ಹಿಡಿಯುವುದಿಲ್ಲ. ಟಿ ಜೀವಕೋಶಗಳ ಮೇಲಿರುವ ಸಿಡಿ6 ಪ್ರೋಟೀನಿಗೆ ಅಂಟಿಕೊಳ್ಳುತ್ತದೆ.