ಹಡಗಿಗೆ ಬಂದ ವಿದ್ಯುತ್ತು

ಮನೆಯಲ್ಲಿ ವಿದ್ಯುತ್ತು ನಿಂತರೆ ನಮಗಾಗುವ ತೊಂದರೆ ಅಷ್ಟೇನೂ ದೊಡ್ಡದಲ್ಲ. ಮಾತಿನ ನಡುವೆ ರೇಡಿಯೋ ಮೂಕವಾಗುತ್ತದೆ. ಯಾರೋ ಕತ್ತಲಲ್ಲಿ ತಡವರಿಸಿ ಮೇಣದ ಬತ್ತಿ ಹಚ್ಚುತ್ತಾರೆ. ಅಷ್ಟರಲ್ಲಿ ದೀಪ ಮರಳಿ ಬರುತ್ತದೆ. ನಡುಗಡಲಿನ ಹಡಗಿನ ಮಾತು ಬೇರೆ. ಇಂದಿನ ದೊಡ್ಡ ವಿಹಾರನೌಕೆಗಳಲ್ಲಿ ಹೆಚ್ಚಿನವನ್ನು ಮುಂದಕ್ಕೆ ನೂಕುವುದೇ ವಿದ್ಯುಚ್ಛಕ್ತಿ. ಈ ಶಕ್ತಿ ಹಡಗನ್ನು ಹೇಗೆ ಸೇರಿತು, ಅದರಿಂದ ಪ್ರಯಾಣಿಕನ ಪ್ರಾಣಕ್ಕೆ ಎಷ್ಟು ರಕ್ಷಣೆ ದೊರೆಯಿತು ಎಂಬುದು ತಿಳಿಯತಕ್ಕ ಕಥೆ.

ಉಗಿಯ ಹಡಗುಗಳಲ್ಲಿ ಎಂಜಿನ್ನಿನಿಂದ ಹೊರಟ ಉದ್ದನೆಯ ಉಕ್ಕಿನ ದಂಡವೊಂದು ಹಿಂಭಾಗದ ಪ್ರೊಪೆಲರನ್ನು, ಎಂದರೆ ನೀರನ್ನು ಹಿಂದಕ್ಕೆ ತಳ್ಳುವ ರೆಕ್ಕೆಚಕ್ರವನ್ನು, ತಿರುಗಿಸುತ್ತಿತ್ತು. ಒಂದೇ ಎಂಜಿನ್ನು, ಒಂದೇ ದಂಡ ಇದ್ದ ಹಡಗಿನಲ್ಲಿ ಎರಡರಲ್ಲಿ ಯಾವುದು ಕೆಟ್ಟರೂ ಹಡಗು ಅಲೆಯ ಪಾಲು. ವಿದ್ಯುತ್ತಿನ ಏರ್ಪಾಡಿನಲ್ಲಿ ಹಾಗಲ್ಲ. ಎಂಜಿನ್ನುಗಳು ವಿದ್ಯುತ್ತನ್ನು ಉತ್ಪಾದಿಸುತ್ತವೆ. ತಂತಿಯ ಮೂಲಕ ಹರಿದ ವಿದ್ಯುತ್ತು ಮೋಟಾರನ್ನು ತಿರುಗಿಸುತ್ತದೆ. ಮೋಟಾರು ಪ್ರೊಪೆಲರನ್ನು ತಿರುಗಿಸುತ್ತದೆ. ನಾಲ್ಕು ಎಂಜಿನ್ನುಗಳಲ್ಲಿ ಒಂದು ಕೆಟ್ಟರೆ ಉಳಿದ ಮೂರು ಹೊರೆ ಹೊರುತ್ತವೆ.

ಡೀಸೆಲ್ ಮತ್ತು ವಿದ್ಯುತ್ತುಗಳ ಈ ಜೋಡಿ ಮೊದಲು ಕಾಣಿಸಿಕೊಂಡದ್ದು ಮಹಾಸಾಗರದಲ್ಲಲ್ಲ, ರಷ್ಯಾದ ವೋಲ್ಗಾ ನದಿಯಲ್ಲಿ. ನೊಬೆಲ್ ಬಹುಮಾನವನ್ನು ಸ್ಥಾಪಿಸಿದ ಆಲ್‌ಫ್ರೆಡ್ ನೊಬೆಲ್ಲನ ಅಣ್ಣಂದಿರು ಬಾಕುವಿನಲ್ಲಿ ಎಣ್ಣೆಯ ಉದ್ಯಮವನ್ನು ಸ್ಥಾಪಿಸಿದ್ದರು. ಅವರ ಕಂಪನಿ 1903ರಲ್ಲಿ ‘ವಂಡಾಲ್’ ಎಂಬ ಹಡಗನ್ನು ನೀರಿಗಿಳಿಸಿತು. ಅದರಲ್ಲಿದ್ದವು ತಲಾ 120 ಅಶ್ವಶಕ್ತಿಯ ಮೂರು ಡೀಸೆಲ್ ಎಂಜಿನ್ನುಗಳು. ಆ ಕಾಲದ ಡೀಸೆಲ್ ಎಂಜಿನ್ನಿಗೆ ಹಿಂದುಮುಂದಾಗಿ ತಿರುಗುವುದು ತಿಳಿಯದು. ಹಿಂದಕ್ಕೆ ಚಲಿಸಲಾರದ ಹಡಗು ಕಾಲುವೆಯಲ್ಲಿ ಎಷ್ಟು ಅಪಾಯಕಾರಿ! ವಿದ್ಯುತ್ ಮೋಟಾರಿಗೆ ಈ ತೊಡಕಿಲ್ಲ. ಎಂಜಿನ್ನು ತನ್ನ ಪಾಡಿಗೆ ಒಂದೇ ಕಡೆಗೆ ತಿರುಗುತ್ತಿದ್ದರೂ ಮೋಟಾರನ್ನು ಬೇಕಾದತ್ತ ತಿರುಗಿಸಬಹುದು.

ಉಗಿಯ ಟರ್ಬೈನಿಗೂ ಇದೇ ಕೊರತೆಯಿತ್ತು. ಹಿಂದಕ್ಕೆ ಚಲಿಸಲು ಬೇರೊಂದು ಸಣ್ಣ ಟರ್ಬೈನು ಬೇಕಾಗುತ್ತಿತ್ತು. ಅದರ ಬಲವೂ ಕಡಿಮೆ. ಎದುರಿಗೆ ಬಂಡೆ ಕಂಡಾಗ ಬೇಕಾಗುವುದು ಪೂರ್ಣ ಬಲದ ಹಿಮ್ಮುಖ ಚಲನೆಯಲ್ಲವೆ? ಟರ್ಬೈನಿಗೆ ವಿದ್ಯುತ್ತನ್ನು ಜೋಡಿಸಿ ಅಮೆರಿಕದ ನೌಕಾಬಲ 1913ರಲ್ಲಿ ‘ಜುಪಿಟರ್’ ಎಂಬ ಕಲ್ಲಿದ್ದಲು ಹಡಗನ್ನು ಸೇವೆಗೆ ತಂದಿತು. 1922ರಲ್ಲಿ ಅದೇ ಹಡಗು ‘ಲ್ಯಾಂಗ್ಲೆ’ ಎಂಬ ಹೊಸ ಹೆಸರಿನಲ್ಲಿ ಆ ದೇಶದ ಮೊದಲ ವಿಮಾನವಾಹಕ ನೌಕೆಯಾಯಿತು. 1935ರಲ್ಲಿ ಸಂಚಾರ ಆರಂಭಿಸಿದ ಫ್ರಾನ್ಸಿನ ವೈಭವದ ‘ನಾರ್ಮಂಡಿ’ ಹಡಗು 1,60,000 ಅಶ್ವಶಕ್ತಿಯ ವಿದ್ಯುತ್ತಿನಿಂದಲೇ ಅಟ್ಲಾಂಟಿಕ್ ಸಾಗರವನ್ನು ದಾಟುತ್ತಿತ್ತು.

ಕಾಲಿಗೆ ಬಲ ಬಂದಂತೆ ಹಡಗಿನ ಕೈಗೂ ಬುದ್ಧಿ ಬಂತು. 1920ರ ದಶಕದಲ್ಲಿ ಸ್ಪೆರಿ ಕಂಪನಿಯ ಸ್ವಯಂಚಾಲಿತ ಚುಕ್ಕಾಣಿ ಹಡಗುಗಳನ್ನು ಏರಿತು. ನಾವಿಕರು ಅದಕ್ಕೆ ‘ಲೋಹದ ಮೈಕ್’ ಎಂದು ಅಡ್ಡಹೆಸರಿಟ್ಟರು. ಮೈಕನಿಗೆ ನಿದ್ರೆಯಿಲ್ಲ, ಬೇಸರವಿಲ್ಲ, ಸಂಬಳವೂ ಬೇಕಿಲ್ಲ. 1961ರಲ್ಲಿ ಜಪಾನಿನ ‘ಕಿಂಕಸಾನ್ ಮಾರು’ ಎಂಬ ಸರಕು ಹಡಗಿನಲ್ಲಿ ಮುಖ್ಯ ಎಂಜಿನ್ನನ್ನು ಮೇಲಿನ ಅಟ್ಟದಿಂದಲೇ ನಡೆಸುವ ಏರ್ಪಾಡಾಯಿತು. ಯಂತ್ರಕೋಣೆಯಲ್ಲಿ ಹಗಲಿರುಳು ಕಾವಲಿರುವುದು ಕ್ರಮೇಣ ಹಲವು ಹಡಗುಗಳಲ್ಲಿ ತಪ್ಪಿತು.

ಹಾಗಾದರೆ ಅಪಾಯವೂ ತಪ್ಪಿತೆ? ಎರಡು ಘಟನೆಗಳನ್ನು ನೋಡೋಣ.

1995ರ ಜೂನ್ ತಿಂಗಳಿನಲ್ಲಿ ‘ರಾಯಲ್ ಮೆಜೆಸ್ಟಿ’ ಎಂಬ ಹಡಗು 1,509 ಜನರನ್ನು ಹೊತ್ತು ಬರ್ಮುಡಾ ದ್ವೀಪದಿಂದ ಅಮೆರಿಕದ ಬಾಸ್ಟನ್ ನಗರಕ್ಕೆ ಹೊರಟಿತು. ಹೊರಟ ಸ್ವಲ್ಪ ಹೊತ್ತಿಗೆ ಜಿ.ಪಿ.ಎಸ್. ಯಂತ್ರದ ಆಂಟೆನಾ ತಂತಿ ಕಳಚಿಕೊಂಡಿತು. ಉಪಗ್ರಹದ ಸಂಕೇತ ತಪ್ಪಿದ ಯಂತ್ರ, ಹಡಗಿನ ವೇಗ ದಿಕ್ಕುಗಳ ಮೇಲೆ ಊಹೆಯ ಲೆಕ್ಕ ಹಾಕತೊಡಗಿತು. ತೆರೆಯ ಮೇಲೆ ಅದನ್ನು ಸೂಚಿಸುವ ಪುಟ್ಟ ಅಕ್ಷರಗಳು ಇದ್ದೇ ಇದ್ದವು, ಯಾರೂ ಗಮನಿಸಲಿಲ್ಲ. ಸ್ವಯಂಚಾಲಿತ ಚುಕ್ಕಾಣಿ ಆ ಲೆಕ್ಕವನ್ನೇ ನಂಬಿ ನಡೆಯಿತು. ಹಡಗಿನ ಸ್ಥಾನವನ್ನು ಸರಿಯಾಗಿ ತೋರಿಸುತ್ತಿದ್ದ ಇನ್ನೊಂದು ಉಪಕರಣ ಪಕ್ಕದಲ್ಲೇ ಇತ್ತು, ಹೋಲಿಸಿ ನೋಡಿದವರಿಲ್ಲ. ನೀರಿನ ಮೇಲೆ ತೇಲುವ ದಾರಿಗುರುತೊಂದು ಕಾಣದಿದ್ದರೂ ಕಂಡಿತೆಂದು ಕಪ್ತಾನನಿಗೆ ವರದಿ ಹೋಯಿತು. ಸುಮಾರು 34 ಗಂಟೆಗಳ ತರುವಾಯ, ದಾರಿಯಿಂದ 17 ಮೈಲಿ ಆಚೆ, ನ್ಯಾಂಟಕೆಟ್ ದ್ವೀಪದ ಬಳಿಯ ಮರಳುದಿಬ್ಬದ ಮೇಲೆ ಹಡಗು ಏರಿ ನಿಂತಿತು. ಪುಣ್ಯವಶಾತ್ ಯಾರೂ ಸಾಯಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ನಮ್ಮ ಗಾದೆ ಅಂದು ಆ ಹಡಗಿನಲ್ಲಿ ಯಾರಿಗೂ ನೆನಪಾಗಲಿಲ್ಲ.

ಎರಡನೆಯದು ನಾರ್ವೆ ದೇಶದ ಸಂಗತಿ. 2010ರ ಜುಲೈಯಿಂದೀಚೆಗೆ ಕಟ್ಟುವ ದೊಡ್ಡ ಪ್ರಯಾಣಿಕ ಹಡಗುಗಳಿಗೆ ಅಂತರರಾಷ್ಟ್ರೀಯ ನಿಯಮವೊಂದುಂಟು: ಒಂದು ಯಂತ್ರಕೋಣೆ ಬೆಂಕಿಗೋ ನೀರಿಗೋ ತುತ್ತಾದರೂ ಹಡಗು ಸ್ವಂತ ಬಲದಿಂದ ಬಂದರು ಸೇರುವಂತಿರಬೇಕು. 2017ರಲ್ಲಿ ಸಿದ್ಧವಾದ ‘ವೈಕಿಂಗ್ ಸ್ಕೈ’ ಈ ಕಾಲದ ಹಡಗು. ನಾಲ್ಕು ಡೀಸೆಲ್ ಎಂಜಿನ್ನುಗಳು, ಎರಡು ಮೋಟಾರುಗಳು. 2019ರ ಮಾರ್ಚ್ 23ರಂದು 1,373 ಜನರೊಂದಿಗೆ ಅದು ಹುಸ್ಟಾಡ್‌ವಿಕಾ ಎಂಬ ಬಂಡೆಗಳ ಕರಾವಳಿಯನ್ನು ಬಿರುಗಾಳಿಯಲ್ಲಿ ದಾಟುತ್ತಿತ್ತು. ನಾಲ್ಕರಲ್ಲಿ ಒಂದು ಎಂಜಿನ್ನು ಮೊದಲೇ ಕೆಟ್ಟಿತ್ತು. ಉಳಿದ ಮೂರರಲ್ಲೂ ಕೀಲೆಣ್ಣೆ ಇರಬೇಕಾದ ಮಟ್ಟಕ್ಕಿಂತ ಬಹಳ ಕೆಳಗಿತ್ತು. ಅಂದು ಬೆಳಿಗ್ಗೆ ಎಣ್ಣೆ ಸಾಲದೆಂಬ ಎಚ್ಚರಿಕೆ 18 ಸಲ ಬಂದಿತ್ತು. ಪ್ರತಿ ಸಲವೂ ಕೆಲವೇ ಸೆಕೆಂಡುಗಳಲ್ಲಿ ಅಡಗಿತ್ತು. ಮಧ್ಯಾಹ್ನ ಹಡಗು ಜೋರಾಗಿ ತೊನೆದಾಡಿದಾಗ ಎಣ್ಣೆ ಒಂದು ಬದಿಗೆ ಸರಿದು, ಪಂಪು ಎಣ್ಣೆಯ ಬದಲು ಗಾಳಿಯನ್ನು ಹೀರಿತು. ಸವೆದು ಹೋಗದಂತೆ ಎಂಜಿನ್ನನ್ನು ಕಾಯುವ ಸ್ವಯಂಚಾಲಿತ ವ್ಯವಸ್ಥೆ ಒಂದಾದಮೇಲೊಂದರಂತೆ ಮೂರನ್ನೂ ನಿಲ್ಲಿಸಿತು. ಎಂಜಿನ್ನೇನೋ ಉಳಿಯಿತು; ಹಡಗು ಹೋಗುವುದರಲ್ಲಿತ್ತು. ದೀಪ ಆರಿತು, ಮೋಟಾರು ನಿಂತಿತು. ಎರಡೂ ಮೋಟಾರುಗಳು ಮತ್ತೆ ಕೆಲಸಕ್ಕೆ ಬರುವಷ್ಟರಲ್ಲಿ 39 ನಿಮಿಷ ಕಳೆದಿತ್ತು. ಬಂಡೆಗೂ ಹಡಗಿಗೂ ನಡುವೆ ಒಮ್ಮೆ ಹಡಗಿನ ಉದ್ದದಷ್ಟೂ ಅಂತರ ಉಳಿದಿರಲಿಲ್ಲ. ಹೆಲಿಕಾಪ್ಟರುಗಳು ಇರುಳೆಲ್ಲ ಹಾರಾಡಿ 479 ಜನರನ್ನು ದಡಕ್ಕೆ ಸಾಗಿಸಿದವು. ಮರುದಿನ ಹಡಗು ಮೋಲ್ಡೆ ಬಂದರನ್ನು ಸೇರಿತು.

ಒಂದು ಕೆಟ್ಟರೆ ಇನ್ನೊಂದುಂಟು ಎಂಬುದೇ ವಿದ್ಯುತ್ತಿನ ಹಡಗಿನ ಬಲ. ಆದರೆ ಒಂದೇ ಅಜಾಗ್ರತೆ ಎಲ್ಲ ಎಂಜಿನ್ನುಗಳಲ್ಲೂ ಇದ್ದರೆ ಮೂರಿದ್ದರೂ ಒಂದೇ, ಮೂವತ್ತಿದ್ದರೂ ಒಂದೇ.

ಇದರಿಂದ ವಿದ್ಯುತ್ತನ್ನು ಹಳಿಯಬೇಕಿಲ್ಲ. 2015ರಲ್ಲಿ ನಾರ್ವೆಯ ‘ಆಂಪೇರ್’ ವಾಹನಗಳನ್ನು ಹೊತ್ತು ಬ್ಯಾಟರಿಯ ಬಲದಿಂದಲೇ ಕಡಲ ಚಾಚೊಂದನ್ನು ದಾಟತೊಡಗಿತು. ನಮ್ಮ ನೆರೆಯ ಕೇರಳದಲ್ಲಿ 2017ರಿಂದ ‘ಆದಿತ್ಯ’ ಎಂಬ ಸೌರಶಕ್ತಿಯ ದೋಣಿ ವೈಕಂನಿಂದ ಜನರನ್ನು ದಾಟಿಸತೊಡಗಿತು. ಬ್ಯಾಟರಿಗೂ ತನ್ನದೇ ಅಪಾಯವುಂಟು: 2019ರಲ್ಲಿ ನಾರ್ವೆಯ ಇನ್ನೊಂದು ನೌಕೆಯ ಬ್ಯಾಟರಿ ಕೋಣೆಗೆ ಬೆಂಕಿ ಹತ್ತಿತು. ಹಳೆಯ ಅಪಾಯ ಹೋದಲ್ಲಿ ಹೊಸದು ಬೇರೆ ರೂಪದಲ್ಲಿ ಬರುತ್ತದೆ. ಕಾವಲಿನ ಸ್ಥಳ ಬದಲಾಗುತ್ತದೆ, ಕಾವಲು ಮುಗಿಯುವುದಿಲ್ಲ.

ಹಿಂದೆ ನಾವಿಕನು ನಕ್ಷತ್ರವನ್ನು ನೋಡುತ್ತಿದ್ದ; ಈಗ ತೆರೆಯ ಮೇಲಿನ ಪುಟ್ಟ ಅಕ್ಷರಗಳನ್ನೂ ಎಣ್ಣೆಯ ಮಟ್ಟವನ್ನೂ ನೋಡಬೇಕು. ಲೋಹದ ಮೈಕನಿಗೆ ನಿದ್ರೆ ಬಾರದು, ನಿಜ. ಆದರೆ ಮೈಕನು ಎಚ್ಚರವಾಗಿದ್ದಾನೆಂದು ಮನುಷ್ಯನು ಮಲಗುವಂತಿಲ್ಲ.