ಯೂರಿಕ್ ಆಸಿಡ್ ನೆರಳಲ್ಲಿ ಇನ್ನೊಂದು ಕೀಲುನೋವು

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆ ಕೀಲು ಹಿಡಿದರೆ ಮೊದಲೆಲ್ಲ ‘ವಾಯು ಐತಿ’ ಅನ್ನೋರು. ಈಗ ಲ್ಯಾಬ್ ರಿಪೋರ್ಟ್ ನೋಡಿ ‘ಯೂರಿಕ್ ಆಸಿಡ್ ಐತಿ’ ಅಂತಾರೆ. ರಿಪೋರ್ಟು ಬೆಂಗಳೂರಿನ ಮಕ್ಕಳ ವಾಟ್ಸಾಪ್‌ಗೆ ಬರುತ್ತೆ, ‘ಬ್ಯಾಳಿ ಬಿಡ್ರಿ’ ಅನ್ನೋ ಸಲಹೆ ಊರಿಗೆ ವಾಪಸ್ ಹೋಗುತ್ತೆ. ಆದರೆ ಒಂದೇ ಹೆಸರಿನಡಿ ಎರಡು ಕಾಯಿಲೆ ಅಡಗೋದು ಹಳೇ ಕಥೆ.

ಚರಕಸಂಹಿತೆ ವಾತರಕ್ತವನ್ನು ‘ಆಢ್ಯವಾತ’ ಅಂತಲೂ ಕರೆಯುತ್ತೆ, ಅಂದರೆ ಉಳ್ಳವರ ವಾತ. ಯುರೋಪಿನಲ್ಲೂ ಗೌಟ್ ರಾಜರ ಕಾಯಿಲೆಯಾಗಿತ್ತು. 1776ರಲ್ಲಿ ಸ್ವೀಡನ್ನಿನ ಕಾರ್ಲ್ ಶೀಲೆ ಮೂತ್ರಕೋಶದ ಕಲ್ಲಿನಲ್ಲಿ ಯೂರಿಕ್ ಆಸಿಡ್ ಪತ್ತೆ ಮಾಡಿದ. 1848ರಲ್ಲಿ ಲಂಡನ್ನಿನ ಆಲ್ಫ್ರೆಡ್ ಗ್ಯಾರಡ್, ಗೌಟ್ ಇರುವವರ ರಕ್ತದಲ್ಲಿ ಅದು ಹೆಚ್ಚಿರುವುದನ್ನು ತೋರಿಸಿದ.

ಸೋರಿಯಾಸಿಸ್ ಜೊತೆ ಬರುವ ಕೀಲುನೋವಿಗೆ ಇಷ್ಟು ಬೇಗ ಗುರುತು ಸಿಗಲಿಲ್ಲ. ಫ್ರಾನ್ಸಿನ ಅಲಿಬೇರ್ 1818ರಲ್ಲೇ ಈ ನಂಟು ಗಮನಿಸಿದ್ದ. ಆದರೂ ಅದನ್ನು ರುಮಟಾಯ್ಡ್ ಲೆಕ್ಕಕ್ಕೇ ಸೇರಿಸುತ್ತಿದ್ದರು. 1957ರಲ್ಲಿ ಹುಬ್ಬಳ್ಳಿಯಲ್ಲಿ ಮೆಡಿಕಲ್ ಕಾಲೇಜು ಶುರುವಾದಾಗಲೂ ಪರಿಸ್ಥಿತಿ ಹಾಗೇ ಇತ್ತು. 1964ರಲ್ಲಿ ಅಮೆರಿಕದ ಸಂಧಿವಾತ ತಜ್ಞರ ಸಂಘ ಅದನ್ನು ಪ್ರತ್ಯೇಕ ಕಾಯಿಲೆ ಅಂತ ಒಪ್ಪಿತು.

ಗೊಂದಲ ಹುಟ್ಟೋದು ಇಲ್ಲೇ. ಸೋರಿಯಾಸಿಸ್‌ನಲ್ಲಿ ಚರ್ಮದ ಜೀವಕೋಶಗಳು ವಾರಗಳ ಬದಲು ದಿನಗಳಲ್ಲೇ ಹುಟ್ಟಿ ಸಾಯುತ್ತವೆ. ಅವುಗಳ ಪ್ಯೂರಿನ್ ಒಡೆದು ಯೂರಿಕ್ ಆಸಿಡ್ ಆಗುತ್ತೆ. ಜೊತೆಗೆ ಬೊಜ್ಜು ಸೇರಿದರೆ ಇನ್ನೂ ಏರುತ್ತೆ. ಹಾಗಾಗಿ ಸೋರಿಯಾಟಿಕ್ ಆರ್ಥ್ರೈಟಿಸ್ ಇರುವವರ ರಿಪೋರ್ಟಲ್ಲೂ 7 ದಾಟಿದ ಅಂಕಿ ಕಾಣಬಹುದು. ಅದನ್ನು ನೋಡಿ ಗೌಟ್ ಅಂದುಬಿಟ್ಟರೆ ಅಸಲಿ ಕಾಯಿಲೆ ಒಳಗೇ ಕೀಲು ತಿನ್ನುತ್ತೆ. ಇಬ್ಬರಲ್ಲೊಬ್ಬರು ಅಂತಲೂ ಇಲ್ಲ, ಕೆಲವರಿಗೆ ಎರಡೂ ಇರುತ್ತೆ.

ಬೇರೆ ಮಾಡೋ ದಾರಿ 1961ರಲ್ಲಿ ಸಿಕ್ಕಿತು. ಅಮೆರಿಕದ ಮೆಕಾರ್ಟಿ ಮತ್ತು ಹೊಲಾಂಡರ್, ಕೀಲಿನ ನೀರು ತೆಗೆದು ಪೋಲರೈಸ್ಡ್ ಸೂಕ್ಷ್ಮದರ್ಶಕದಲ್ಲಿ ಯೂರೇಟ್ ಹರಳು ಗುರುತಿಸಿದರು. ಹರಳು ಸಿಕ್ಕರೆ ಗೌಟ್ ಖಚಿತ. ರಕ್ತದ ಅಂಕಿಯೊಂದೇ ಆ ಖಾತ್ರಿ ಕೊಡಲ್ಲ.

ಅದಕ್ಕೇ ಮುಂದಿನ ಸಲ ಊರಿಂದ ರಿಪೋರ್ಟ್ ಬಂದಾಗ ಒಂದೆರಡು ಪ್ರಶ್ನೆ ಕೇಳಿ. ಮೊಣಕೈ, ತಲೆಯಲ್ಲಿ ಹೊಟ್ಟೇಳುವ ಕೆಂಪು ಕಲೆ ಇದೆಯಾ? ಉಗುರಲ್ಲಿ ಸಣ್ಣ ಕುಳಿ? ಇಡೀ ಬೆರಳು ಊದಿದೆಯಾ? ಬೆಳಗ್ಗೆ ಅರ್ಧ ಗಂಟೆ ಮೀರಿ ಕೈಕಾಲು ಪೆಡಸಾಗಿರುತ್ತಾ? ಹೌದು ಅಂದರೆ, ಬೇಳೆ ಬಿಡಿಸೋ ಮೊದಲು ಸಂಧಿವಾತ ತಜ್ಞರ ಹತ್ತಿರ ಕರೆದುಕೊಂಡು ಹೋಗಿ. ಬೇಗ ಹೋದರೆ ಕೀಲು ಉಳಿಸಿಕೊಳ್ಳೋ ಔಷಧಿ ಇವತ್ತು ಇದೆ. ಹಾಳಾದ ಕೀಲನ್ನು ಮೊದಲಿನಂತೆ ಮಾಡೋ ಔಷಧಿ ಇನ್ನೂ ಬಂದಿಲ್ಲ.