ಪಟ್ಟಣದ ಮನೆಯ ಹಿತ್ತಲಿನಲ್ಲಿ ಹೆಚ್ಚುವರಿ ಪ್ರಾಣಿ ಸಾಕಣೆ: ಅನುಮತಿ ಮತ್ತು ಸಗಣಿ ವಿಲೇವಾರಿ

ಪಾಂಡವಪುರ ಉಪವಿಭಾಗಕ್ಕೆ ಸೇರಿದ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಹಾಗೂ ನಾಗಮಂಗಲ ಪಟ್ಟಣಗಳಲ್ಲಿ ವಾಸಿಸುವ ಅನೇಕ ರೈತ ಕುಟುಂಬಗಳ ಜಮೀನು ಊರಾಚೆ ಇದ್ದರೂ ಕೊಟ್ಟಿಗೆ ಮನೆಯ ಹಿತ್ತಲಿನಲ್ಲಿಯೇ ಇರುತ್ತದೆ. ಒಂದು ಹಸು, ಒಂದು ನಾಯಿ ಇರುವವರೆಗೆ ಸಾಮಾನ್ಯವಾಗಿ ಯಾರೂ ಪ್ರಶ್ನಿಸುವುದಿಲ್ಲ. ಮೂರನೆಯ ಹಸು, ನಾಲ್ಕಾರು ಮೇಕೆ ಅಥವಾ ಮರಿ ಹಾಕಿದ ನಾಯಿ ಸೇರಿಕೊಂಡಾಗ ನೆರೆಯವರ ದೂರು ಪುರಸಭೆಗೆ ತಲುಪುತ್ತದೆ. ಸಾಲ ಪಡೆದು ರಾಸು ತಂದ ನಂತರ ತೆರವಿನ ನೋಟಿಸು ಬಂದರೆ ಅದನ್ನು ಸಿಕ್ಕ ಬೆಲೆಗೆ ಮಾರಬೇಕಾಗುತ್ತದೆ. ಸಾಲದ ಕಂತು ಮಾತ್ರ ಉಳಿಯುತ್ತದೆ. ಆದ್ದರಿಂದ ಅನುಮತಿಯ ವಿಷಯವನ್ನು ಖರೀದಿಗೆ ಮೊದಲೇ ಇತ್ಯರ್ಥಪಡಿಸಿಕೊಳ್ಳಬೇಕು.

ಯಾರ ಅನುಮತಿ?

ಪುರಸಭಾ ವ್ಯಾಪ್ತಿಗೆ ಕರ್ನಾಟಕ ಪುರಸಭೆಗಳ ಅಧಿನಿಯಮ, 1964 ಅನ್ವಯಿಸುತ್ತದೆ. ಅರ್ಜಿಯನ್ನು ಮುಖ್ಯಾಧಿಕಾರಿಯವರಿಗೆ ಲಿಖಿತವಾಗಿ ಸಲ್ಲಿಸಿ, ಸ್ವೀಕೃತಿ ಪಡೆಯಿರಿ. ಪಟ್ಟಣದ ಅಂಚಿನ ಬಡಾವಣೆಗಳಲ್ಲಿ ವ್ಯಾಪ್ತಿಯ ಗೊಂದಲ ಸಾಮಾನ್ಯ. ನಿಮ್ಮ ಮನೆ ಕಂದಾಯದ ರಸೀದಿ ಗ್ರಾಮ ಪಂಚಾಯಿತಿಯದಾಗಿದ್ದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯವರನ್ನು ಕಾಣಬೇಕು.

‘ಮೂರು ನಾಯಿಯವರೆಗೆ ಅಡ್ಡಿಯಿಲ್ಲ’ ಎಂಬ ಮಾತು ಕೇಳಿಬರುತ್ತದೆ. ಬೆಂಗಳೂರು ಮಹಾನಗರ ಪಾಲಿಕೆಯು 2018ರಲ್ಲಿ ಫ್ಲ್ಯಾಟಿಗೆ ಒಂದು, ಸ್ವತಂತ್ರ ಮನೆಗೆ ಮೂರು ನಾಯಿ ಎಂಬ ಮಿತಿ ತರಲು ಹೊರಟಿತ್ತು. ವಿರೋಧದಿಂದಾಗಿ ಅದು ನಿಲ್ಲಲಿಲ್ಲ. ಆ ಸಂಖ್ಯೆಯನ್ನು ನಮ್ಮ ಪಟ್ಟಣಗಳಿಗೆ ಅನ್ವಯಿಸಿಕೊಳ್ಳಬಾರದು. ನಿಮ್ಮ ಪುರಸಭೆಯಲ್ಲಿ ಜಾರಿಯಲ್ಲಿರುವ ನಿಯಮವನ್ನೇ ಲಿಖಿತವಾಗಿ ಕೇಳಿ ಪಡೆಯಿರಿ.

ಅನುಮತಿ ಪತ್ರವೊಂದೇ ರಕ್ಷಣೆಯಲ್ಲ ಎಂಬುದನ್ನೂ ಗಮನಿಸಬೇಕು. ಸಾರ್ವಜನಿಕ ಉಪದ್ರವವಾದಲ್ಲಿ ಅದನ್ನು ನಿವಾರಿಸುವಂತೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 2023ರ 152ನೇ ಕಲಮಿನಡಿ ಉಪವಿಭಾಗ ದಂಡಾಧಿಕಾರಿಯವರು ಷರತ್ತುಬದ್ಧ ಆದೇಶ ಹೊರಡಿಸಬಹುದು.

ಸಗಣಿಯ ಲೆಕ್ಕ

ನನ್ನ ಅಭಿಪ್ರಾಯದಲ್ಲಿ ಹಿತ್ತಲಿನಲ್ಲಿ ಎಷ್ಟು ರಾಸು ಇರಬಹುದೆಂಬುದನ್ನು ನಿರ್ಧರಿಸಬೇಕಾದದ್ದು ತಲೆ ಎಣಿಕೆಯಲ್ಲ, ಸಗಣಿ ಎಲ್ಲಿಗೆ ಹೋಗುತ್ತದೆ ಎಂಬುದು. ಬೆಳೆದ ಹಸುವೊಂದು ದಿನಕ್ಕೆ ಸುಮಾರು 15 ಕಿ.ಗ್ರಾಂ ಸಗಣಿ ಹಾಕುತ್ತದೆ. ಮೂರು ಹಸುವಾದರೆ ದಿನಕ್ಕೆ 45 ಕಿ.ಗ್ರಾಂ, ತಿಂಗಳಿಗೆ ಸುಮಾರು 1,350 ಕಿ.ಗ್ರಾಂ. ಮೂವತ್ತು-ನಲವತ್ತು ಅಡಿ ನಿವೇಶನದಲ್ಲಿ ಇದನ್ನು ತಿಪ್ಪೆ ಹಾಕಿಡಲು ಸ್ಥಳವಿಲ್ಲ. ಬೆಳೆದ ಹಸುವಿಗೆ ಚಾವಣಿಯಡಿ 3.5 ಚ.ಮೀ., ತೆರೆದ ಜಾಗ 7 ಚ.ಮೀ. ಬೇಕೆಂಬ ಶಿಫಾರಸನ್ನು ಸೇರಿಸಿ ಲೆಕ್ಕ ಹಾಕಿದರೆ ಉತ್ತರ ತಾನಾಗಿಯೇ ತಿಳಿಯುತ್ತದೆ.

ಬೇಸಗೆಯಲ್ಲಿ ನೊಣದ ಮೊಟ್ಟೆ 8–10 ದಿನಗಳಲ್ಲಿ ನೊಣವಾಗುತ್ತದೆ. ಹೀಗಾಗಿ ವಾರಕ್ಕೊಮ್ಮೆ ತಿಪ್ಪೆ ಎತ್ತುವ ರೂಢಿ ಪಟ್ಟಣಕ್ಕೆ ಸಾಲದು. ಪ್ರತಿದಿನ ಇಲ್ಲವೇ ದಿನ ಬಿಟ್ಟು ದಿನ ಸಾಗಿಸಬೇಕು. ಗಂಜಲ ಮತ್ತು ಕೊಟ್ಟಿಗೆ ತೊಳೆದ ನೀರನ್ನು ರಸ್ತೆ ಚರಂಡಿಗೆ ಬಿಡಲೇಬಾರದು. ಶ್ರೀರಂಗಪಟ್ಟಣವು ಕಾವೇರಿಯ ನಡುಗಡ್ಡೆ. ಅಲ್ಲಿ ಚರಂಡಿಗೆ ಬಿಟ್ಟದ್ದು ನದಿಯ ಕಡೆಗೇ ಸಾಗುತ್ತದೆ. ತೆರೆದ ಬಾವಿ ಇರುವೆಡೆ ಗುಂಡಿಯು ಬಾವಿಯಿಂದ ಕನಿಷ್ಠ 15 ಮೀಟರ್ ದೂರವಿರಲಿ. ಇಲ್ಲವಾದರೆ ಗಂಜಲದ ಸಾರಜನಕವು ನೈಟ್ರೇಟ್ ರೂಪದಲ್ಲಿ ನೆರೆಮನೆಯ ಕುಡಿಯುವ ನೀರನ್ನು ಸೇರುತ್ತದೆ. ಹಸುಗೂಸುಗಳಿಗೆ ಅದು ಅಪಾಯಕಾರಿ.

ಸುಮಾರು 50 ಕಿ.ಗ್ರಾಂ ಸಗಣಿಗೆ ಅಷ್ಟೇ ನೀರು ಬೆರೆಸಿದರೆ 2 ಘನ ಮೀಟರ್ ಗೋಬರ್ ಗ್ಯಾಸ್ ಸ್ಥಾವರ ನಡೆಯುತ್ತದೆ. ಆದರೆ ಹೊರಬರುವ ಬಗ್ಗಡಕ್ಕೂ ದಾರಿ ಬೇಕು. ಹೆಚ್ಚು ಸುಲಭವಾದದ್ದು ಸಗಣಿಯನ್ನು ಜಮೀನಿಗೇ ಒಯ್ಯುವುದು. ಕಬ್ಬಿನ ತರಗನ್ನು ಸುಡುವ ಬದಲು ಪದರ ಪದರವಾಗಿ ಹರಡಿ, ಸಗಣಿ ನೀರು ಚಿಮುಕಿಸಿ, ತೇವ ಕಾಯ್ದರೆ ಉತ್ತಮ ಗೊಬ್ಬರವಾಗುತ್ತದೆ. ಭತ್ತಕ್ಕೆ ಎಕರೆಗೆ 4 ಟನ್, ಮಳೆಯಾಶ್ರಿತ ರಾಗಿಗೆ 3 ಟನ್ ಕೊಟ್ಟಿಗೆ ಗೊಬ್ಬರದ ಶಿಫಾರಸು ಇರುವಾಗ ಸಗಣಿಯನ್ನು ಚರಂಡಿಗೆ ಬಿಡುವುದು ಹಣ ಚೆಲ್ಲಿದಂತೆ.

ವಿಸ್ತರಣಾ ಕಾರ್ಯಕರ್ತರು ಅರ್ಜಿದಾರರಿಗೆ ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದುಕೊಡುವುದು ಸೂಕ್ತ: ನಿವೇಶನದ ನಕ್ಷೆ, ಕೊಟ್ಟಿಗೆಯ ಅಳತೆ, ಗಂಜಲದ ಗುಂಡಿ, ಸಗಣಿ ಸಾಗಿಸುವ ದಿನ, ತಲುಪುವ ಸರ್ವೆ ನಂಬರು. ಜೊತೆಗೆ ರಾಸುಗಳ ಕಿವಿಯೋಲೆಯ 12 ಅಂಕಿಯ ಸಂಖ್ಯೆ, ಕಾಲುಬಾಯಿ ಜ್ವರದ ಲಸಿಕೆಯ ವಿವರ ಇರಲಿ. ಪರಿಶೀಲನೆಗೆ ಬರುವ ಆರೋಗ್ಯ ನಿರೀಕ್ಷಕರಿಗೆ ಇದಕ್ಕಿಂತ ಉಪಯುಕ್ತ ದಾಖಲೆ ಬೇರೊಂದಿಲ್ಲ.

ನಾಯಿ ಮತ್ತು ಪಕ್ಷಿಗಳು

ಪ್ರಾಣಿ ಜನನ ನಿಯಂತ್ರಣ ನಿಯಮಗಳು, 2023ರ ಪ್ರಕಾರ ಸಾಕುಪ್ರಾಣಿಯ ಜಂತುನಾಶಕ, ಲಸಿಕೆ, ಸಂತಾನಹರಣ ಮಾಲೀಕರ ಹೊಣೆ. ಮರಿಗೆ ಮೂರು ತಿಂಗಳಾದಾಗ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ, ಪಶುವೈದ್ಯರು ಸೂಚಿಸಿದಂತೆ ಮುಂದುವರಿಸಿ. ನಾಯಿ ಕಚ್ಚಿದರೆ ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು.

ಕಾಡುಗಿಳಿ, ನಕ್ಷತ್ರ ಆಮೆಗಳನ್ನು ಮನೆಯಲ್ಲಿ ಸಾಕಲು ಪುರಸಭೆ ಅನುಮತಿ ನೀಡಲಾರದು. ಅವು ವನ್ಯಜೀವಿ ಸಂರಕ್ಷಣಾ ಅಧಿನಿಯಮ, 1972ರ ವ್ಯಾಪ್ತಿಗೆ ಸೇರಿವೆ, ಸಾಕುವುದೇ ಅಪರಾಧ.

ಅನುಮತಿ ದೊರೆಯದಿದ್ದಲ್ಲಿ

ಕೊಟ್ಟಿಗೆಯನ್ನು ಜಮೀನಿಗೆ ಸ್ಥಳಾಂತರಿಸುವುದೇ ಮೇಲು. ಕಟ್ಟುವ ಮೊದಲು ಗ್ರಾಮ ಆಡಳಿತಾಧಿಕಾರಿಯವರಲ್ಲಿ ವಿಚಾರಿಸಿ. ಈ ನಾಲ್ಕೂ ತಾಲ್ಲೂಕುಗಳಲ್ಲಿ ಚಿರತೆಯ ಓಡಾಟವಿರುವುದರಿಂದ ಕೊಟ್ಟಿಗೆಗೆ ನೆಲದಿಂದ ಚಾವಣಿಯವರೆಗೆ ಗಟ್ಟಿ ತಂತಿಬಲೆ, ಒಳಗಿನಿಂದಲೂ ಹೊರಗಿನಿಂದಲೂ ಭದ್ರವಾಗುವ ಬಾಗಿಲು ಅಗತ್ಯ. ಕರು, ಮೇಕೆ ಹಾಗೂ ಕಾವಲು ನಾಯಿಯನ್ನು ರಾತ್ರಿ ಹೊರಗೆ ಕಟ್ಟಬಾರದು. ಕೊಟ್ಟಿಗೆಯ ಸುತ್ತ ಕೆಲವು ಮೀಟರ್‌ವರೆಗೆ ಕಬ್ಬು, ಪೊದೆ ಬೆಳೆಯದಂತೆ ನೋಡಿಕೊಳ್ಳಿ.